ನನ್ನ ಶ್ರದ್ಧಾಂಜಲಿ ತೆಗೆಸುವ ಪ್ರಯತ್ನ

ಸತ್ತ ಮೇಲೆ ಮನುಷ್ಯನ ಮಾತನ್ನು ಯಾರೂ ಕೇಳುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಆದರೆ ಹೊಟ್ಟೆ ತುಂಬ ರೊಟ್ಟಿ ಉಂಡು, ಢರ್ರೆಂದು ತೇಗಿ, ‘ನಾನು ಸತ್ತಿಲ್ಲ’ ಎಂದು ಬಾಯಿ ಬಿಟ್ಟು ಹೇಳಿದರೂ ಕೇಳದ ಲೋಕವೊಂದಿದೆ. ಅದೇ ನಮ್ಮ ಬಳಗದ ವಾಟ್ಸಾಪ್ ಗ್ರೂಪು. ಆ ಲೋಕದಲ್ಲಿ ನಾನು ಹೋದ ಸೋಮವಾರ ತೀರಿಕೊಂಡೆ. ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮನೆಯಲ್ಲಿ ಹೇಳಿ ಹೇಳಿ ಎಲ್ಲರಿಗೂ ಸಾಕಾಗಿರುವುದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ಆದದ್ದು ಇಷ್ಟು. ಗೋಕಾಕದ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡೆ. ಘಟಪ್ರಭಾದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿ ಮನೆಗೆ ಕಳಿಸಿದರು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಬಳಗದವರು ‘ಮಾತಾಡ್ಸಾಕ’ ಬರಲೇಬೇಕು. ಬಂದು ಮಾಡುವುದೇನೂ ಇಲ್ಲ. ಒಂದು ಬಿಸ್ಕತ್ ಪುಡಿಕೆ ದಿಂಬಿನ ಪಕ್ಕ ಇಟ್ಟು, ಹೀಗೇ ಕಾಲು ಮುರಿದುಕೊಂಡು ಮತ್ತೆ ಏಳದೇ ಹೋದ ನಾಲ್ಕೈದು ಮಂದಿಯ ಕಥೆ ಹೇಳಿ, ‘ನೀವೇನ್ ಚಿಂತಿ ಮಾಡಬ್ಯಾಡ್ರಿ’ ಎಂದು ಚಹಾ ಕುಡಿದು ಹೋಗುತ್ತಾರೆ. ಆದರೆ ಬರದೇ ಇದ್ದವರನ್ನು ಮೂರು ತಲೆಮಾರು ಮರೆಯುವುದಿಲ್ಲ. ನನ್ನ ಹೆಂಡತಿ ಸಕ್ಕರೆ, ಚಹಾಪುಡಿ ತರಿಸಿ, ಬಾಜೂ ಮನೆಯಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಇಸಿದುಕೊಂಡು ಪಡಸಾಲೆಯಲ್ಲಿ ಸಾಲಾಗಿ ಇಟ್ಟಳು. ಮೊದಲಾದರೆ ಸುದ್ದಿ ಮುಟ್ಟಿಸಲು ಬಸ್ಸಿನ ಕಂಡಕ್ಟರಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಈಗ ಗ್ರೂಪಿದೆಯಲ್ಲ, ಹುಕ್ಕೇರಿಯಿಂದ ಮೂಡಲಗಿಯವರೆಗಿನ ಬಳಗವೆಲ್ಲ ಅದರಲ್ಲಿದೆ.

ಮಗಳು ಹಾಸಿಗೆಯ ಮೇಲಿದ್ದ ನನ್ನ ಫೋಟೋ ತೆಗೆದಳು. ನೋಡಿದೆ. ಗಡ್ಡ ಬೆಳೆದಿತ್ತು, ಬನಿಯನ್ನಿಗೆ ಒಂದು ತೂತಿತ್ತು. ನಾನು ಸಾಲಿ ಮಾಸ್ತರನಾಗಿ ನಿವೃತ್ತನಾದವನು, ನಾಲ್ಕು ಜನ ನಮಸ್ಕಾರ ಮಾಡುವವನು. ಇಂಥ ಅವತಾರದಲ್ಲಿ ಬಳಗದ ಕಣ್ಣಿಗೆ ಬೀಳುವುದೆಂದರೇನು? ನಿವೃತ್ತಿಯ ದಿನ ಊರವರು ಸತ್ಕಾರ ಮಾಡಿದಾಗಿನ ಫೋಟೋ ಹಾಕೆಂದೆ. ಹಣೆಗೆ ವಿಭೂತಿ, ಹೆಗಲಿಗೆ ಶಾಲು, ಕೊರಳಿಗೆ ಗುಲಾಬಿ ಹಾರ.

“ಅಪ್ಪಾ, ಹಾರದ ಫೋಟೋ ಬ್ಯಾಡ” ಎಂದಳು ಮಗಳು.

“ನೀ ಸುಮ್ಮ ಹಾಕ” ಎಂದೆ.

ಹಾಕಿದಳು. ಕೆಳಗೆ ಬಚ್ಚಲು, ಕಾಲು, ಪ್ಲಾಸ್ಟರು ಎಲ್ಲವನ್ನೂ ಬಿಡಿಸಿ ಬರೆದಳು. ಆದರೆ ಓದುವವರು ಯಾರು? ಹಾರ ಕಂಡಿತು, ವಿಭೂತಿ ಕಂಡಿತು, ಅಷ್ಟೇ ಸಾಕಾಯಿತು. ಮೊದಲು ಒಬ್ಬ ‘ಲಿಂಗೈಕ್ಯರಾದ ಗುರುಗಳಿಗೆ ಶರಣು’ ಎಂದು ಬರೆದ. ಅದರ ಹಿಂದೆ ಮುಗಿದ ಕೈಗಳು ಇರುವೆಯ ಸಾಲಿನಂತೆ ಬಂದವು. ಮೂಡಲಗಿಯ ಒಬ್ಬ ಅಳಿಯ ‘ಮಣ್ಣು ಎಷ್ಟಕ್ಕ ಐತಿ?’ ಎಂದು ಅಂತ್ಯಕ್ರಿಯೆಯ ಹೊತ್ತು ಕೇಳಿದ. ಉತ್ತರ ಬರುವವರೆಗೂ ಕಾಯದೆ, ಅದರ ಕೆಳಗೇ ತನ್ನ ಹಳೆಯ ಟ್ರ್ಯಾಕ್ಟರು ಮಾರಾಟಕ್ಕಿದೆ ಎಂದು ಹಾಕಿದ.

ಕೂಡಲೇ ‘ನಾನು ಬದುಕಿದ್ದೇನೆ’ ಎಂದು ಬರೆದೆ. ನನ್ನ ಸಾವಿಗೆ ಇಡೀ ಬಳಗವೇ ಕೈ ಮುಗಿದಿತ್ತು. ನನ್ನ ಬದುಕಿಗೆ ಹೆಬ್ಬೆರಳು ಎತ್ತಿದವಳು ನನ್ನ ಹೆಂಡತಿ ಒಬ್ಬಳೇ. ಇನ್ನೊಬ್ಬ ಪುಣ್ಯಾತ್ಮ ಆ ಮಾತಿಗೂ ‘ಓಂ ಶಾಂತಿ’ ಎಂದ!

ತಡೆಯಲಾರದೆ ಗ್ರೂಪಿನ ಅಡ್ಮಿನ್‌ಗೆ ಫೋನು ಹಚ್ಚಿದೆ. ಈತ ಹುಕ್ಕೇರಿಯ ಈರಪ್ಪ, ದೂರದ ಸಂಬಂಧಿ. ಮನೆಯಲ್ಲಿ ಇವನ ಮಾತನ್ನು ಬೆಕ್ಕೂ ಕೇಳುವುದಿಲ್ಲ. ಅಡ್ಮಿನ್ ಆದಂದಿನಿಂದ ಮಾತ್ರ ತಹಶೀಲ್ದಾರನ ಗತ್ತು ಬಂದಿದೆ.

“ಈರಪ್ಪಾ, ಆ ಶ್ರದ್ಧಾಂಜಲಿ ಎಲ್ಲಾ ತಗದಹಾಕಪಾ” ಎಂದೆ.

“ಹಂಗ ತಗ್ಯಾಕ ಬರೂದಿಲ್ರಿ ಸರ್. ಹಿರ್ಯಾರು ಕೈ ಮುಗದಾರ, ತಗದ್ರ ಅವರಿಗೆ ಅವಮಾನ ಮಾಡಿಧಂಗ ಆಗತೈತಿ.”

“ಅಲ್ಲೋ, ನಾ ಸತ್ತಿಲ್ಲೋ!”

“ಅದು ನಿಮ್ಮ ವೈಯಕ್ತಿಕ ವಿಷಯ ಆತ್ರಿ. ಗ್ರೂಪಿನ್ಯಾಗ ವೈಯಕ್ತಿಕ ಹಾಕಬಾರದಂತ ರೂಲ್ ಐತ್ರಿ. ಬೇಕಾದ್ರ ಇಬ್ಬರು ಹಿರ್ಯಾರನ್ನ ಕೇಳಿ ನೋಡತೀನಿ.”

ನಾನು ಬದುಕಿರಬೇಕೋ ಬೇಡವೋ ಎಂದು ಇನ್ನು ಹಿರಿಯರು ಕುಳಿತು ತೀರ್ಮಾನಿಸಬೇಕು! ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿಸಿದ್ದು ಪಡಸಾಲೆಯ ಖಾಲಿ ಕುರ್ಚಿಗಳು. ಕಾಲು ಮುರಿದದ್ದಕ್ಕೆ ಬರಲಿಲ್ಲ, ಹೋಗಲಿ. ಸತ್ತೆನೆಂದು ತಿಳಿದ ಮೇಲಾದರೂ ಒಬ್ಬರು ಬರಬೇಡವೇ? ಕೈ ಮುಗಿದ ಚಿತ್ರ ಒತ್ತಿದರೆ ಮಣ್ಣು ಕೊಟ್ಟು ಬಂದಂತೆ ಆಗಿಬಿಟ್ಟಿತೇ? ಸಕ್ಕರೆಗೆ ಇರುವೆ ಹತ್ತತೊಡಗಿತು. ಬಾಜೂ ಮನೆಯವರು ಕುರ್ಚಿ ಕೇಳತೊಡಗಿದರು. ಬಾಗಿಲು ಸಪ್ಪಳವಾದಾಗಲೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಅಳು ಬರುವಂತಾಗಿತ್ತು.

ಗುರುವಾರ ಕುಲಗೋಡದಿಂದ ನಮ್ಮ ಸೋದರಮಾವ ಬಂದ. ವಯಸ್ಸಾದ ಜೀವ, ಎರಡು ಬಸ್ಸು ಹಿಡಿದು ಬಂದಿದ್ದ. ಅವನ ಹತ್ತಿರ ಇರುವುದು ಒತ್ತುವ ಗುಂಡಿಗಳ ಫೋನು. ಹಾಗಾಗಿ ನಾನು ಸತ್ತದ್ದು ಅವನಿಗೆ ಗೊತ್ತೇ ಇರಲಿಲ್ಲ. ಬಿದ್ದದ್ದನ್ನಷ್ಟೇ ಕಂಡಕ್ಟರನಿಂದ ಕೇಳಿದ್ದ. ಧೋತರದ ಗಂಟು ಬಿಚ್ಚಿ ಬಿಸ್ಕತ್ ಪುಡಿಕೆ ದಿಂಬಿನ ಪಕ್ಕ ಇಟ್ಟು, “ಹೆಂಗೈತೋ ತಮ್ಮಾ ಕಾಲು?” ಎಂದ.

ನನಗೆ ಬಂದ ಸಂತೋಷ ಅಷ್ಟಿಷ್ಟಲ್ಲ. “ಕಾಲು ಇರಲಿ ಮಾಮಾ, ಈ ಮಂದಿ ಮಾಡಿದ ಅನ್ಯಾಯ ಕೇಳ” ಎಂದು ಫೋನು ತೆಗೆದು ಒಂದೊಂದೇ ಓದತೊಡಗಿದೆ. ಓದುತ್ತ ಹೋದಂತೆ ನನಗೇ ಸೋಜಿಗವಾಯಿತು. ‘ಇಂಥ ಮಾಸ್ತರರು ಮತ್ತೆ ಹುಟ್ಟುವುದಿಲ್ಲ’ ಎಂದಿದ್ದಳು ಒಬ್ಬಳು. ‘ಅವರು ಹೊಡೆದದ್ದರಿಂದಲೇ ನಾನು ಉದ್ಧಾರವಾದೆ’ ಎಂದಿದ್ದ ಇನ್ನೊಬ್ಬ. ಮಾವ ನಡುವೆ ಏನೋ ಕೇಳಿದ. “ತಡಿ ಮಾಮಾ, ಇದು ಚಲೋ ಐತಿ” ಎಂದು ಮುಂದಿನದನ್ನು ಓದಿದೆ. ಅಷ್ಟರಲ್ಲಿ ಈರಪ್ಪನ ಫೋನು ಬಂತು.

“ಸರ್, ಹಿರ್ಯಾರು ಒಪ್ಪಿದ್ರು. ಎಲ್ಲಾ ತಗದಬಿಡತೀನ್ರಿ.”

“ಅವಸರ ಏನೈತೋ?” ಎಂದಿತು ನನ್ನ ಬಾಯಿ. “ಪಾಪ, ಮಂದಿ ಪ್ರೀತಿಲೆ ಬರದಾರ. ದಡ್ಡಿ ಊರಿನ ಬಳಗದವರದು ಇನ್ನೂ ಬಂದಿಲ್ಲ. ಎರಡ ದಿನ ಇರಲಿ ಬಿಡು.”

ಮಾವ ಚಹಾದ ಬಟ್ಟಲು ಕೆಳಗಿಟ್ಟು ಎದ್ದು ನಿಂತ. ಕುರ್ಚಿಯ ಮೇಲಿದ್ದ ಟೊಪ್ಪಿಗೆ ಕೊಡವಿ ತಲೆಗೆ ಇಟ್ಟುಕೊಂಡ.

“ಬರತೀನಪಾ, ಬಸ್ಸಿನ ಹೊತ್ತಾತು. ಕಾಲು ಹೆಂಗೈತಿ ಅಂತ ಕೇಳಾಕ ಬಂದಿದ್ನಿ. ನೀ ಹೇಳಲೇ ಇಲ್ಲ.”

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕೈಯೊಳಗಿನ ಫೋನು ಟಿಣ್ ಎಂದಿತು. ದಡ್ಡಿಯವರದೇ ಇರಬಹುದೆಂದು ಮೊದಲು ಅದನ್ನು ನೋಡಿದೆ. ತಲೆ ಎತ್ತಿದಾಗ ಸಾಲಿನ ಕುರ್ಚಿಗಳೆಲ್ಲ ಮತ್ತೆ ಖಾಲಿ ಇದ್ದವು.