ಅಂಗಿಯ ಮೂರನೆಯ ಗುಂಡಿ

ನನ್ನ ಹೆಂಡತಿಯ ಕೈಗೆ ಸಿಕ್ಕ ಯಾವ ವಸ್ತುವೂ ಹುಟ್ಟಿದ ಉದ್ದೇಶಕ್ಕೇ ಬಳಕೆಯಾಗಿ ಸತ್ತದ್ದಿಲ್ಲ. ಆ ಶನಿವಾರವೂ ಅಷ್ಟೇ. ಆಫೀಸಿನಲ್ಲಿ ಕೂತಿದ್ದಾಗ ಎದೆಗೆ ಗಾಳಿ ಹೊಡೆಯಿತು. ನೋಡಿದರೆ ಅಂಗಿಯ ಮೂರನೆಯ ಗುಂಡಿ ಇಲ್ಲ. ಸಂಜೆ ನಂಜನಗೂಡಿನ ನಮ್ಮ ಅಡುಗೆಮನೆಗೆ ಬಂದರೆ, ಅದು ಕಾಫಿಪುಡಿ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡು ಕೂತಿತ್ತು.

"ಏನೇ ಇದು?"

"ಅತ್ತೆ ಕೈಗೆ ಗೊತ್ತಾಗ್ಲಿ ಅಂತ. ಕಾಪಿ ಕಾಪಿ ಅಂತ ಪ್ರಾಣ ತಿನ್ನೋರು ನೀವೇ ಅಲ್ವಾ? ನಿಮ್ ಗುಂಡಿನೇ ಇರ್ಲಿ."

ದಿನಾ ಕಾಫಿ ಮಾಡುವ ನಮ್ಮವ್ವನಿಗೆ ಎರಡೂ ಕಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ ಉಪ್ಪಿನ ಡಬ್ಬಿಗೆ ಹುಣಸೆಬೀಜ, ಸಕ್ಕರೆಗೆ ಹೊಂಗೆಬೀಜ. ಕಾಫಿಯ ಅವರೆಬೀಜವನ್ನು ಇಲಿ ತಿಂದದ್ದರಿಂದ ನನ್ನ ಗುಂಡಿಗೆ ಬಡ್ತಿ ಸಿಕ್ಕಿತ್ತು!

ಹಿತ್ತಿಲ ಬಾಗಿಲಿಂದ ಬಚ್ಚಲಿಗೆ ಒಂದು ಹಗ್ಗ, ಮೆಟ್ಟಿಲು ಬರುವ ಕಡೆ ಒಂದು ಗಂಟು. "ಬಟ್ಟೆ ಒಣಗಾಕಕ್ಕಾ ಇದು?" ಎಂದು ಪಕ್ಕದ ಮನೆಯಾಕೆ ಕೇಳಿದಾಗ, "ಅಲ್ಲ ಕಣಕ್ಕ, ನಮ್ಮತ್ತೆ ಬಸ್ ರೂಟು. ಗಂಟು ಬಂದ್ರೆ ಸ್ಟಾಪು" ಎಂದಿದ್ದಳು.

ಒಮ್ಮೆ ನಮ್ಮ ಆಫೀಸಿನಲ್ಲಿ, ಸೃಜನಶೀಲವಾಗಿ ಯೋಚಿಸುವುದು ಹೇಗೆಂದು ಇಡೀ ದಿನ ತರಬೇತಿ ಕೊಟ್ಟು ಪ್ರಮಾಣಪತ್ರವನ್ನೂ ಕೊಟ್ಟರು. ಅವಳು ಅದರ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಗ್ಯಾಸಿನ ಪುಸ್ತಕಕ್ಕೆ ಹಾಕಿದಳು. ಪ್ರಮಾಣಪತ್ರ ನೆನೆದುಹೋಯಿತು, ಪುಸ್ತಕ ಚೆನ್ನಾಗಿದೆ.

"ಮನೆನ ಗುಜರಿ ಅಂಗಡಿ ಮಾಡಿದ್ದೀಯ. ನಾಲ್ಕು ಜನದ ಹಾಗೆ ಸ್ಟೀಲ್ ಡಬ್ಬಿ ಇಟ್ಟುಕೊಂಡರೆ ಆಗೋದಿಲ್ವಾ?" ಎಂದು ಆ ಶನಿವಾರ ಸಂಜೆ ಗುಂಡಿ ನೋಡಿ ರೇಗಿದೆ.

"ತನ್ನಿ. ಆಮೇಲೆ ಕಾಪಿ ನೀವೇ ಮಾಡ್ಕೊಳಿ."

ಅದೇ ನಮ್ಮ ಕೊನೆಯ ಜಗಳ. ಮರುದಿನ ಬೆಳಿಗ್ಗೆ ಅಂಗಳ ಗುಡಿಸುತ್ತಾ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಹನ್ನೊಂದನೇ ದಿನದ ತಿಥಿಗೆ ಅವಳ ತವರು ಹೆಮ್ಮಿಗೆಯಿಂದ ಜನ ಬರುತ್ತಾರೆ, ಮನೆ ಮಾನವಾಗಿ ಕಾಣಲಿ ಎಂದು ಹಗ್ಗ ಬಿಚ್ಚಿದೆ. ಹಳೆ ಡಬ್ಬಿಗಳನ್ನೆಲ್ಲ ಗುಜರಿಗೆ ಕೊಟ್ಟು, ಒಂದೇ ಅಳತೆಯ ಸ್ಟೀಲ್ ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದೆ. ಪ್ರಮಾಣಪತ್ರ ಪಡೆದವನಲ್ಲವೇ ನಾನು!

ನೆಂಟರು ಹೋದ ಮರುದಿನ ಅವ್ವ ಬೇಗ ಎದ್ದು ನನಗೆ ಕಾಫಿ ಮಾಡಿದಳು. ಲೋಟ ಕೊಟ್ಟು ಎದುರಿಗೇ ನಿಂತಳು. ಕುಡಿದೆ. ಬರೀ ಉಪ್ಪು.

"ಸಂದಾಗದಾ ಮಗ?"

"ಸಂದಾಗದೆ ಕಣವ್ವ."

ಅವ್ವ ತನ್ನ ಲೋಟದಿಂದ ಒಂದು ಗುಟುಕು ಕುಡಿದು ಕೆಳಗಿಟ್ಟಳು. ಆಮೇಲೆ ಗೋಡೆ ಹಿಡಿದು ಹೋಗಿ ಒಂದೊಂದೇ ಡಬ್ಬಿಯ ಮುಚ್ಚಳ ಸವರಿದಳು. ಎಲ್ಲವೂ ನುಣ್ಣಗಿದ್ದವು.

"ಅವಳ್ನ ಪೂರಾ ಒರೆಸಾಕ್ಬುಟ್ಟಲ್ಲ ಮಗ" ಎಂದಳು.

ಹಗ್ಗ ಮತ್ತೆ ಕಟ್ಟಿದ್ದೇನೆ. ಡಬ್ಬಿಗೆ ದಾರ ಕಟ್ಟಿದರೆ ಜಾರುತ್ತದೆ. ನನ್ನ ಅಂಗಿಯ ಗುಂಡಿ ಕಿತ್ತು ಅಂಟಿಸಿದರೆ ಒಲೆಯ ಆವಿಗೆ ಎರಡೇ ದಿನದಲ್ಲಿ ಉದುರುತ್ತದೆ. ಮೂರು ಬಗೆಯ ಗೋಂದು ತಂದು ನೋಡಿದೆ. ಅವಳ ಹುಣಸೆಬೀಜ ನಾಲ್ಕು ವರ್ಷ ಅಲುಗಿರಲಿಲ್ಲ.

ಏನು ಹಾಕಿ ಅಂಟಿಸುತ್ತಿದ್ದಳೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಅವ್ವ ಕಾಫಿ ಮಾಡುವುದನ್ನು ಬಿಟ್ಟಿದ್ದಾಳೆ.