ಸಂಜೀವಣ್ಣನಿಗೆ ನಾನು ಮಾಡಿದ ಸನ್ಮಾನ

ಮನುಷ್ಯನಿಗೆ ಕೆಲಸದಲ್ಲಿ ಹುರುಪು ಬರುವುದು ಯಾವುದರಿಂದ ಎಂಬ ಗಹನ ವಿಷಯವನ್ನು ಒಂದೇ ದಿನದಲ್ಲಿ ಅರೆದು ಕುಡಿದವನು ನಾನು. ಗುರುಗ್ರಾಮದ ಹದಿನೆಂಟನೇ ಮಹಡಿಯಲ್ಲಿ ಕಾರ್ಯಾಗಾರ. ಎಸಿ, ಊಟ, ಪ್ರಮಾಣಪತ್ರ ಎಲ್ಲ ಇತ್ತು. ಆಮೇಲೆ ಆದದ್ದಕ್ಕೆ ನಗುವವರು ನಗಲಿ. ನಾನು ಕಲಿತದ್ದು ಸರಿಯೇ ಇತ್ತು!

ದೆಹಲಿಯ ಕರೋಲ್ ಬಾಗ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲ್. ಗಲ್ಲಾದಲ್ಲಿ ನಾನು ಮತ್ತು ಹೆಂಡತಿ ಸುಮತಿ, ಕಾವಲಿಯ ಮುಂದೆ ಸಂಜೀವಣ್ಣ. ಜನ ಬರುವುದು ಅವರ ದೋಸೆಗೆ, ನನ್ನ ಮುಖ ನೋಡಲಿಕ್ಕಲ್ಲ. ಅಂಥವರು ಒಂದು ವಾರದಿಂದ ಮುಖ ಊದಿಸಿಕೊಂಡಿದ್ದರು. ಗುರುಗ್ರಾಮದ ಹೊಸ ಹೋಟೆಲಿನವರು ಕರೆದಿದ್ದಾರೆಂದೂ ಸುದ್ದಿ ಬಂತು. ಅವರು ಹೋದರೆ ನಾವು ಬಾಗಿಲು ಹಾಕುವುದೇ.

"ಎಂತ ಬೇಕು ಅಂತ ಅವರನ್ನೇ ಕೇಳಬಾರದಾ?" ಎಂದಳು ಸುಮತಿ.

"ಹಾಗೆಲ್ಲ ಕೇಳಬಾರದು ಮಾರಾಯ್ತಿ! ತನಗೆ ಬೇಕಾದ್ದನ್ನು ಮನುಷ್ಯ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಊಹಿಸಬೇಕು. ಕಾರ್ಯಾಗಾರದಲ್ಲಿ ಹೇಳಿದ್ದಾರೆ."

ಊಹಿಸಿದೆ. ಮನ್ನಣೆ!

ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲೇ ಶಾಲು, ಹಣ್ಣು, ಹಾರ ಸಹಿತ ಸನ್ಮಾನ ನೆರವೇರಿತು. ನನ್ನ ಭಾಷಣ ಮುಗಿಯುವಷ್ಟರಲ್ಲಿ ಸಾಂಬಾರು ತಳ ಹಿಡಿದಿತ್ತು. ಸಂಜೀವಣ್ಣ ಹಾರ ತೆಗೆದು ಮೇಜಿನ ಮೇಲಿಟ್ಟು ಒಳಗೆ ಹೋದರು. ಅವರ ಫೋಟೋಗೆ ಚೌಕಟ್ಟು ಹಾಕಿಸಿದ್ದೆ. ಕೆಳಗೆ 'ತಿಂಗಳ ಶ್ರೇಷ್ಠ ಕೆಲಸಗಾರ' ಎಂದು ಅಚ್ಚಗನ್ನಡದಲ್ಲಿ ಬರೆಸಿದ್ದೆ. ಆ ಬೀದಿಯಲ್ಲಿ ಅದನ್ನು ಓದಬಲ್ಲವರು ನಾವು ಮೂವರೇ. ಗೋಡೆಯಲ್ಲಿ ಖಾಲಿಯಿದ್ದ ಒಂದೇ ಮೊಳೆ ನನ್ನ ತೀರಿಹೋದ ಅಪ್ಪನ ಫೋಟೋದ ಪಕ್ಕದ್ದು. ಅಲ್ಲೇ ತೂಗುಹಾಕಿದೆ. ಅಷ್ಟು ಒಳ್ಳೆಯ ಹಾರ ಹಾಳಾಗುವುದು ಬೇಡವೆಂದು ಅದನ್ನೂ ಸಂಜೀವಣ್ಣನ ಫೋಟೋಗೇ ಹಾಕಿದೆ. ಊದುಬತ್ತಿ ಅಪ್ಪನದು. ಹೊಗೆ ಇತ್ತ ಬಂದರೆ ನಾನೇನು ಮಾಡಲಿ!

ಹತ್ತು ವರ್ಷದ ಗಿರಾಕಿ ಶರ್ಮಾಜಿ ಬಂದವರೇ ಗೋಡೆ ನೋಡಿ ಕೈಮುಗಿದರು. "ಅರೇ ಭಯ್ಯಾ, ಯೇ ಕಬ್ ಹುವಾ?"

ಸನ್ಮಾನ ಯಾವಾಗ ಆಯಿತೆಂದು ಕೇಳುತ್ತಿದ್ದಾರೆ! "ಆಜ್ ಸುಬಹ್!" ಇವತ್ತು ಬೆಳಗ್ಗೆಯೇ ಎಂದೆ, ಎದೆಯುಬ್ಬಿಸಿ.

ಅವರು ಪಾಪ, ಕುರ್ಚಿಯಲ್ಲಿ ಕುಸಿದರು. ದೋಸೆ ಬಂತು. ಒಂದು ತುಂಡು ತಿಂದು ತಲೆಯಾಡಿಸಿದರು. ಆ ರುಚಿ ಆ ಪುಣ್ಯಾತ್ಮನ ಜೊತೆಗೇ ಹೋಯಿತು, ಇದನ್ನು ಹೊಯ್ದವನಿಗೆ ದೋಸೆಯ ಗಂಧವೇ ಇಲ್ಲ ಎಂದು ಹಿಂದಿಯಲ್ಲಿ ದುಃಖ ತೋಡಿಕೊಂಡರು.

ಅಡುಗೆಮನೆಯ ಕಿಂಡಿಯಲ್ಲಿ ಸಂಜೀವಣ್ಣನ ಮುಖ ಕಾಣಿಸಿತು. ಶರ್ಮಾಜಿಯ ಕೈಯಲ್ಲಿದ್ದ ಚಟ್ನಿ ಬಟ್ಟಲು ನೆಲಕ್ಕೆ ಬಿತ್ತು.

ತನ್ನನ್ನು ಸಾಯಿಸಿದ್ದನ್ನು ಸಂಜೀವಣ್ಣ ಕ್ಷಮಿಸುತ್ತಿದ್ದರೋ ಏನೋ. ದೋಸೆಯನ್ನು ಹಳಿದದ್ದನ್ನು ಕ್ಷಮಿಸಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಅಡುಗೆ ಬಟ್ಟೆ ಬಿಚ್ಚಿ ಗಲ್ಲಾದ ಮೇಲಿಟ್ಟರು.

"ಸತ್ತ ಮೇಲೂ ಕೆಲಸ ಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ ರಾಯರೇ. ನಾನು ಹೊರಟೆ."

ಇಂಥ ಸನ್ನಿವೇಶದ ಬಗ್ಗೆ ಕಾರ್ಯಾಗಾರದಲ್ಲಿ ಏನೂ ಹೇಳಿರಲಿಲ್ಲ! ಸುಮತಿ ಎದ್ದು ಬಂದಳು.

"ಸಂಜೀವಣ್ಣ, ನಿಮಗೆ ಎಂತ ಬೇಕು?"

"ಹದಿನೈದು ದಿನ ರಜೆ ಅಕ್ಕ. ಊರಲ್ಲಿ ಮಗಳಿಗೆ ದಿನ ತುಂಬಿದೆ, ಚೊಚ್ಚಲು. ತಾಯಿಯಿಲ್ಲದ ಹುಡುಗಿ. ರಾಯರಲ್ಲಿ ಮೂರು ಸಲ ಕೇಳಿದೆ. ಮೂರು ಸಲವೂ 'ನೋಡುವಾ' ಅಂದರು. ಗುರುಗ್ರಾಮದವರು ರಜೆ ಕೊಟ್ಟೇ ಸೇರಿಸಿಕೊಳ್ತಾರಂತೆ."

ಬಾಯಿಬಿಟ್ಟು ಹೇಳಿದ್ದರಂತೆ, ಮೂರು ಸಲ! ನನಗೆ ನಾಚಿಕೆಯಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. "ಹೋದರೆ ಕಾವಲಿ ಯಾರು ನೋಡುವುದು?" ಎಂದು ಗುಡುಗಿದೆ.

"ಅದೂ ಹೌದು ಸಂಜೀವಣ್ಣ," ಎಂದಳು ಸುಮತಿ ಮೆತ್ತಗೆ. "ಇವರಿಂದಂತೂ ಆಗಲಿಕ್ಕಿಲ್ಲ. ಇವರಿಗೆ ಸೌಟು ಹಿಡಿಯಲಿಕ್ಕೂ ಬರುವುದಿಲ್ಲ."

"ಯಾರು ಹೇಳಿದ್ದು? ಹದಿನೈದಲ್ಲ, ಇಪ್ಪತ್ತು ದಿನ ಹೋಗಿ ಬನ್ನಿ ಸಂಜೀವಣ್ಣ! ಕಾವಲಿ ನನಗೆ ಬಿಡಿ!"

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆಂದು ನನಗೆ ಗೊತ್ತಿಲ್ಲ. ನನ್ನನ್ನು ಯಾರೂ ಹುರಿದುಂಬಿಸಲಿಲ್ಲ, ಇದು ನನ್ನ ಸ್ವಂತ ನಿರ್ಧಾರ!

ಇವತ್ತಿಗೆ ಆರನೇ ದಿನ. ಸಂಜೀವಣ್ಣನಿಗೆ ಮೊಮ್ಮಗಳು ಹುಟ್ಟಿದ್ದಾಳೆ. ನನ್ನ ಬೆರಳುಗಳಲ್ಲಿ ಬೊಬ್ಬೆ ಎದ್ದಿದೆ. ಫೋಟೋ ಮಾತ್ರ ತೆಗೆದಿಲ್ಲ, ತೆಗೆಯುವುದೂ ಇಲ್ಲ. ನಿನ್ನೆ ಶರ್ಮಾಜಿ ನನ್ನ ದೋಸೆಯ ಒಂದು ತುಂಡು ಬಾಯಿಗಿಟ್ಟು, ಗೋಡೆಯತ್ತ ನೋಡಿ, ಕಣ್ಣೊರೆಸಿಕೊಂಡರು. ಸಂಜೀವಣ್ಣ ಬದುಕಿದ್ದಾರೆಂದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು.