ಸಹಜ ಜಗಳದ ಚಿತ್ರೀಕರಣ

ಜನರ ದಿನನಿತ್ಯದ ಬದುಕನ್ನು ಇದ್ದದ್ದು ಇದ್ದ ಹಾಗೆ ಚಿತ್ರೀಕರಿಸುವುದು ನಮ್ಮ ದೃಶ್ಯ ಮಾನವಶಾಸ್ತ್ರ ವಿಭಾಗದ ಏಕೈಕ ಧ್ಯೇಯವಾಗಿದೆ. ಈ ಶಾಸ್ತ್ರವು ಹಂತಹಂತವಾಗಿ ಬೆಳೆದುಬಂದಿದೆ. ಮೊದಲು ಜನರಿಗೆ ಕ್ಯಾಮೆರಾ ನೋಡಿ ಎನ್ನುತ್ತಿದ್ದೆವು. ಆಮೇಲೆ ನೋಡಬೇಡಿ ಎಂದೆವು. ಈಗ ನಾವು ಅಲ್ಲಿ ಇಲ್ಲವೇ ಇಲ್ಲವೆಂದು ಅವರಿಂದ ಬರೆಸಿಕೊಳ್ಳುತ್ತೇವೆ.

ಅದರಂತೆ ಒಬ್ಬ ದರ್ಜಿಯ ಎರಡು ಕೋಣೆಯ ಮನೆಯಲ್ಲಿ ನಮ್ಮ ಇಡೀ ತಂಡ ದೀಪ, ವೈರು, ಏಣಿ ಸಮೇತ ಇಲ್ಲದಂತೆ ಠಿಕಾಣಿ ಹೂಡಿತು. ಅದೃಷ್ಟಕ್ಕೆ ಮೊದಲ ದಿನವೇ ಜಗಳ ಸಿಕ್ಕಿತು. ದರ್ಜಿ ಹೆಂಡತಿಯನ್ನು ಒಂದು ಮಾತೂ ಕೇಳದೆ ಅವಳ ಹೊಲಿಗೆ ಮಷೀನನ್ನು ತನ್ನ ತಂಗಿಗೆ ಕೊಟ್ಟುಬಿಟ್ಟಿದ್ದ. ಆಕೆ ಬಟ್ಟೆ ತುಂಬಿದ ಚೀಲ ಹಿಡಿದು ತವರಿಗೆ ಹೊರಟಳು. ಅವನು ಬಾಗಿಲಿಗೆ ಅಡ್ಡ ನಿಂತ.

"ತಪ್ಪಾಯ್ತು ಕಣೇ. ಈಗ್ಲೇ ಹೋಗಿ ವಾಪಸ್ ತರ್ತೀನಿ."

"ಇಷ್ಟು ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಾ?" ಎಂದು ಆಕೆ ಮೂಗೊರೆಸಿಕೊಂಡು ಚೀಲ ಕೆಳಗಿಟ್ಟಳು.

ನಮ್ಮ ನಿರ್ದೇಶಕರು ಮುಖ ಸಿಂಡರಿಸಿದರು. "ನಿಲ್ಸಿ! ಏನ್ರೀ ಟೈಲರ್, ನೀವು ಕ್ಷಮೆ ಕೇಳೋ ಹಾಗಿಲ್ಲ."

"ಯಾಕ್ ಸಾರ್? ತಪ್ಪು ನಂದೇ ಅಲ್ವಾ?"

"ಇರಬಹುದು. ಆದ್ರೆ ದರ್ಜಿಗಳ ಬಗ್ಗೆ ನಾವು ಹಿಂದೆ ತೆಗೆದ ಚಿತ್ರದಲ್ಲಿ ಗಂಡ ಕ್ಷಮೆ ಕೇಳಿಲ್ಲ. ನೀವು ಕೇಳಿದ್ರೆ ನಿಮ್ಮ ಸಂಸ್ಕೃತಿಗೇ ವಿರುದ್ಧ ಆಗುತ್ತೆ."

ಪೂರ್ವ ದಾಖಲೆಗೆ ಹೊಂದದ ವಾಸ್ತವವನ್ನು ತಿದ್ದಿ ಸಹಜಗೊಳಿಸತಕ್ಕದ್ದು ಎಂದು ನಮ್ಮ ನಿಯಮಾವಳಿಯೇ ಹೇಳುತ್ತದೆ. ಹೀಗಾಗಿ ಜಗಳವನ್ನು ಮೊದಲಿನಿಂದ ಆಡಿಸಲಾಯಿತು. ಆಕೆ ಚೀಲ ಹಿಡಿದು ಹೊರಡಬೇಕು, ಅವನು ತಲೆ ಎತ್ತದೆ ಬಟ್ಟೆ ಕತ್ತರಿಸುತ್ತಿರಬೇಕು. ಮೊದಮೊದಲು ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಬೆಳಕು ಸಾಲಲಿಲ್ಲ. ಇನ್ನೊಮ್ಮೆ ಏಣಿ ಅಡ್ಡ ಬಂತು. ಪ್ರತಿ ಸಲವೂ ಆಕೆ ಬೀದಿಯ ತಿರುವಿನವರೆಗೆ ಹೋಗಿ ವಾಪಸಾದಳು, ಪ್ರತಿ ಸಲವೂ ಗಂಡ ಅವಳತ್ತ ನೋಡಲಿಲ್ಲ. ನೋಡುತ್ತಿದ್ದ ನನಗೇ ಸಾಕು ಬಿಡಿ ಎನ್ನಬೇಕೆನಿಸಿತು, ಆದರೆ ನಾನು ಅಲ್ಲಿ ಇರಲಿಲ್ಲವಲ್ಲ.

ಸಂಜೆಯ ಹೊತ್ತಿಗೆ ಆಕೆಯ ಮುಖ ಬಾಡಿತ್ತು. "ಒಂದ್ಸಲಾನಾದ್ರೂ ತಲೆ ಎತ್ತಿ ನೋಡಬಾರ್ದಿತ್ತಾ?"

"ಸಾರ್ ಬೇಡ ಅಂದ್ರು ಕಣೇ."

"ಹಾಗಾದ್ರೆ ಸಾರ್ ಜೊತೆಗೇ ಸಂಸಾರ ಮಾಡಿ."

ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ನಿರ್ದೇಶಕರು ನಿಲ್ಲಿಸಿ ಎಂದರು. ಆಕೆ ತಿರುವು ದಾಟಿ ಹೋದಳು. "ಅಬ್ಬಾ, ಎಷ್ಟು ಸಹಜ!" ಎಂದು ನಿರ್ದೇಶಕರು ಕಣ್ಣೊರೆಸಿಕೊಂಡರು.

ಚಿತ್ರಕ್ಕೆ ಪ್ರಶಸ್ತಿ ಬಂತು. ತವರಿನವರೂ ಕೂತು ನೋಡಿದರು. ದರ್ಜಿ ತಂಗಿಯ ಕೈಕಾಲು ಹಿಡಿದು ಮಷೀನು ಬಿಡಿಸಿಕೊಂಡು, ಹೆಗಲ ಮೇಲೆ ಹೊತ್ತು ಅತ್ತೆಯ ಮನೆ ಬಾಗಿಲಿಗೆ ಹೋಗಿ ನಿಂತ.

"ತಪ್ಪಾಯ್ತು ಅತ್ತೆ. ಅವಳನ್ನ ಕಳಿಸಿಕೊಡಿ."

ಅತ್ತೆ ಅವನ ಹಿಂದೆ ಮುಂದೆ ಇಣುಕಿ ನೋಡಿದರು. "ಕ್ಯಾಮೆರಾದವರು ಎಲ್ಲಿ ಅಳಿಯಂದ್ರೇ?"

"ಯಾರೂ ಬಂದಿಲ್ಲ. ನಾನೊಬ್ನೇ."

"ಹಾಗಾದ್ರೆ ನೀವು ಕ್ಷಮೆ ಕೇಳಿದ್ದಕ್ಕೆ ಸಾಕ್ಷಿ ಏನು?"

ಒಳಗಿನಿಂದ ಹೆಂಡತಿಯ ದನಿ ಬಂತು. "ಮಷೀನು ಇಲ್ಲೇ ಇಟ್ಟು, ಹೋಗಿ ಅವರನ್ನ ಕರ್ಕೊಂಡು ಬರೋಕೆ ಹೇಳಮ್ಮ."

ದರ್ಜಿಗೂ ಅದು ನ್ಯಾಯವೆನಿಸಿತು. ನೇರವಾಗಿ ನಮ್ಮ ಕಚೇರಿಗೆ ಬಂದು ಅರ್ಜಿ ಕೊಟ್ಟಿದ್ದಾನೆ. ಸದ್ಯಕ್ಕೆ ಸರದಿಯಲ್ಲಿ ಅವನ ಮುಂದೆ ಇನ್ನೂ ಹನ್ನೊಂದು ಗಂಡಂದಿರಿದ್ದಾರೆ.